ಹೊಲದ ಭೋಗ್ಯ, ಮನೆಯ ಭೋಗ್ಯ

ಬೆಂಗಳೂರಿನ ಬಡಾವಣೆಗಳಲ್ಲಿ ಮನೆ ಹುಡುಕುತ್ತ ಅಲೆದವರೆಲ್ಲರೂ ಎರಡು ಬಗೆಯ ಫಲಕಗಳನ್ನು ಕಂಡಿರುತ್ತಾರೆ. ಗೇಟಿಗೆ ತಂತಿಯಿಂದ ಬಿಗಿದ ರಟ್ಟಿನ ಮೇಲೆ ‘ಮನೆ ಬಾಡಿಗೆಗೆ ಇದೆ’ ಎಂದು ಬರೆದಿರುವುದು ಒಂದು. ‘ಮನೆ ಭೋಗ್ಯಕ್ಕೆ ಇದೆ’ ಎಂದು ಬರೆದಿರುವುದು ಇನ್ನೊಂದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಕಡೆಯಿಂದ ರಾತ್ರಿಯ ಬಸ್ಸು ಹತ್ತಿ ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿಯುವ ನಮ್ಮವರಿಗೆ ಈ ಎರಡನೆಯ ಮಾತು ಅಪರಿಚಿತವಲ್ಲ. ಊರಿನಲ್ಲಿಯೇ ಅದನ್ನು ಕೇಳಿ ಬೆಳೆದವರು ಅವರು. ಆದರೆ ಊರಿನಲ್ಲಿ ಅದು ಹೊಲಕ್ಕೆ ಸಂಬಂಧಿಸಿದ ಮಾತು. ಹೊಲದ ಮಾತು ನಗರದ ಮನೆಗೆ ಅಂಟಿಕೊಂಡದ್ದು ಹೇಗೆ, ಅಂಟಿಕೊಳ್ಳುವಾಗ ಅದರ ಒಳಗಿನ ನ್ಯಾಯ ಏನಾಯಿತು ಎಂಬುದನ್ನು ನನ್ನ ಅಲ್ಪ ಓದಿನಿಂದಲೂ, ಅದಕ್ಕಿಂತ ಹೆಚ್ಚಾಗಿ ನನ್ನ ಮನೆಯ ಅನುಭವದಿಂದಲೂ ತಮ್ಮ ಮುಂದಿಡಬೇಕೆಂದಿದ್ದೇನೆ.

ಮೊದಲು ಹೊಲದ ಭೋಗ್ಯ. ರೈತನಿಗೆ ಹಣ ಬೇಕಾಗುತ್ತದೆ. ಮಗಳ ಮದುವೆಯೋ, ಸತ್ತ ಎತ್ತಿನ ಜಾಗಕ್ಕೆ ಇನ್ನೊಂದು ಎತ್ತೋ, ಆಸ್ಪತ್ರೆಯೋ. ಹಣವುಳ್ಳವನೊಬ್ಬ ಹಣ ಕೊಟ್ಟು ಹೊಲವನ್ನು ತನ್ನ ಸ್ವಾಧೀನಕ್ಕೆ ತೆಗೆದುಕೊಳ್ಳುತ್ತಾನೆ. ಹಣಕ್ಕೆ ಬಡ್ಡಿಯಿಲ್ಲ, ಹೊಲಕ್ಕೆ ಗುತ್ತಿಗೆಯಿಲ್ಲ. ಬೆಳೆದದ್ದನ್ನು ಹಣ ಕೊಟ್ಟವನು ಉಣ್ಣುತ್ತಾನೆ. ಆ ಉಣ್ಣುವಿಕೆಯೇ ಬಡ್ಡಿ. ಅಸಲನ್ನು ಇಡಿಯಾಗಿ ಎಣಿಸಿಕೊಟ್ಟ ದಿನ ಹೊಲ ತಿರುಗಿ ಒಡೆಯನಿಗೆ ಬರುತ್ತದೆ. ಆ ದಿನವೂ ಹೇಗೆಂದರೆ ಹಾಗೆ ಬರುವುದಲ್ಲ. ನಮ್ಮೂರಿನಲ್ಲಿ ಅದು ಯುಗಾದಿ. ಫಸಲು ಕೈಸೇರಿ ಹೊಲ ಬರಿದಾಗಿ ನಿಂತಿರುವ ಕಾಲ. ಯುಗಾದಿಗೆ ಹಣ ಹೊಂದದಿದ್ದರೆ ಇನ್ನೊಂದು ವರ್ಷ ಹೊಲ ಭೋಗ್ಯದಾರನ ಕೈಯಲ್ಲಿಯೇ ಉಳಿಯುತ್ತದೆ. ಈ ಕಟ್ಟಳೆಯನ್ನು ತಾವು ನೆನಪಿನಲ್ಲಿಟ್ಟುಕೊಳ್ಳಬೇಕು; ಮುಂದೆ ನನ್ನ ಕಥೆಯಲ್ಲಿ ಇದು ಬರುತ್ತದೆ.

ಇದು ಬಹು ಹಳೆಯ ವ್ಯವಸ್ಥೆ. ನಮ್ಮ ಹಗರಿಬೊಮ್ಮನಹಳ್ಳಿಯ ಸೀಮೆಯಲ್ಲಿರುವ ಕೋಗಳಿ ಒಂದು ಕಾಲಕ್ಕೆ ಕೋಗಳಿ-500 ಎಂಬ ನಾಡಿನ ಕೇಂದ್ರವಾಗಿತ್ತು. ಅದರ ಸುತ್ತ ಹರಪನಹಳ್ಳಿಯ ಬಾಗಳಿ, ಹಡಗಲಿಯ ಕುರುವತ್ತಿಗಳಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ಗುಡಿಗಳೂ ಶಾಸನಗಳೂ ಉಳಿದುಬಂದಿವೆ. ಆ ಶಾಸನಗಳಲ್ಲಿ ಭೂಮಿಯ ಮಾತು ಧಾರಾಳವಾಗಿದೆ. ಆದರೆ ಅದು ಬಹುಮಟ್ಟಿಗೆ ದತ್ತಿಯ ಭೂಮಿ. ಜನ ಕಲ್ಲಿನಲ್ಲಿ ಕಂಡರಿಸುವುದು ಕೊಟ್ಟ ದಾನವನ್ನು, ಮಾಡಿದ ಸಾಲವನ್ನಲ್ಲ! ಸಾಲದ ಧರ್ಮ ತಿಳಿಯಬೇಕಾದರೆ ಅದೇ ಚಾಲುಕ್ಯರ ರಾಜಧಾನಿ ಕಲ್ಯಾಣಕ್ಕೆ ಹೋಗಬೇಕು. ಅಲ್ಲಿ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಎಂದರೆ 1076ರಿಂದ 1126ರ ನಡುವಣ ಕಾಲದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದನು. ಒತ್ತೆಯಿಟ್ಟ ವಸ್ತುವಿಗೆ ಅಲ್ಲಿ ‘ಆಧಿ’ ಎಂದು ಹೆಸರು. ಕಾಪಾಡಿಕೊಂಡಿರಬೇಕಾದದ್ದು ಗೋಪ್ಯ; ಫಲವನ್ನು ಅನುಭವಿಸಬಹುದಾದದ್ದು ಭೋಗ್ಯ. ಅಸಲು ಬಡ್ಡಿ ಕೂಡಿ ಇಮ್ಮಡಿಯಾದರೂ ಬಿಡಿಸಿಕೊಳ್ಳದ ಒತ್ತೆ ಕೈತಪ್ಪಿ ಹೋಗಬಹುದು. ಆದರೆ ಫಲಭೋಗ್ಯವಾಗಿ ಇಟ್ಟದ್ದು ಎಂದಿಗೂ ಒಡೆಯನಿಗೆ ತಪ್ಪಿಹೋಗುವುದಿಲ್ಲವೆಂಬುದು ಆ ಸ್ಮೃತಿಯ ನಿಲುವು. ಗ್ರೀಕರಲ್ಲಿಯೂ ಇಂತಹದೊಂದು ಏರ್ಪಾಡಿತ್ತು. ‘ಆಂಟಿಕ್ರೆಸಿಸ್’ ಎಂಬ ಅದರ ಹೆಸರಿಗೆ ‘ಬಡ್ಡಿಗೆ ಪ್ರತಿಯಾಗಿ ಬಳಕೆ’ ಎಂದೇ ಅರ್ಥ. 1882ರ ಸ್ವತ್ತು ವರ್ಗಾವಣೆ ಕಾಯಿದೆಯೂ ಭೋಗ್ಯವನ್ನು ಅಡಮಾನದ ಒಂದು ಪ್ರಭೇದವೆಂದೇ ಅಂಗೀಕರಿಸಿತು. 2014ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ, ಭೋಗ್ಯ ಬರೆದುಕೊಟ್ಟು ಇಷ್ಟು ವರ್ಷ ಕಳೆಯಿತೆಂಬ ಒಂದೇ ಕಾರಣದಿಂದ ಒಡೆಯನ ಹಕ್ಕು ನಶಿಸುವುದಿಲ್ಲವೆಂದು ತೀರ್ಪಿತ್ತಿತು. ಯಾಜ್ಞವಲ್ಕ್ಯನ ಮಾತೇ ದೆಹಲಿಯಲ್ಲಿ ಮತ್ತೆ ಕೇಳಿಬಂದಂತಾಯಿತು.

ಇಷ್ಟು ಶತಮಾನಗಳ ಈ ನ್ಯಾಯದ ಒಲವು ಯಾರ ಕಡೆಗಿದೆ ಎಂಬುದನ್ನು ಗಮನಿಸಬೇಕು. ಅದು ಸ್ವತ್ತನ್ನು ಬಿಟ್ಟುಕೊಟ್ಟವನ ಕಡೆಗಿದೆ. ಏಕೆಂದರೆ ಹಳ್ಳಿಯಲ್ಲಿ ಅವನೇ ದುರ್ಬಲ. ಹಣ ಕೊಟ್ಟವನು ಸಾಹುಕಾರ. ಹೊಲ ಕೊಟ್ಟವನು ಕಷ್ಟದಲ್ಲಿದ್ದವನು.

ನಮ್ಮ ಸೀಮೆಯಲ್ಲಿ ಈ ಕಷ್ಟಕ್ಕೆ ಬರವಿರಲಿಲ್ಲ. 1800ರಲ್ಲಿ ಬಳ್ಳಾರಿಯ ಪ್ರದೇಶ ಕಂಪನಿ ಸರ್ಕಾರಕ್ಕೆ ಸೇರಿ, ಥಾಮಸ್ ಮನ್ರೋ ಕಲೆಕ್ಟರನಾಗಿ ಬಂದು, ರೈತನೊಡನೆ ಸರ್ಕಾರ ನೇರವಾಗಿ ಕಂದಾಯ ಗೊತ್ತುಮಾಡುವ ರೈತವಾರಿ ಪದ್ಧತಿ ಬೇರೂರಿತು. ರೈತನ ಹೆಸರಿನಲ್ಲಿ ಭೂಮಿ ದಾಖಲಾದ ಮೇಲೆ ಅದನ್ನು ಒತ್ತೆಯಿಡುವುದೂ ಸುಲಭವಾಯಿತು. 1876–78ರ ಘೋರ ಕ್ಷಾಮ ಬಳ್ಳಾರಿ ಜಿಲ್ಲೆಯನ್ನು ಹಿಂಡಿದ ಬಗೆಯನ್ನು ತಾವು ಬಲ್ಲಿರಿ. ಮುಂದೆ ತುಂಗಭದ್ರೆಗೆ ಅಣೆಕಟ್ಟು ಬಂದಿತು. ಹಿನ್ನೀರು ಹಗರಿಬೊಮ್ಮನಹಳ್ಳಿಯ ಕಡೆ ಚಾಚಿತು. ಆದರೆ ಕೂಡ್ಲಿಗಿ, ಕೊಟ್ಟೂರುಗಳ ಮಸಾರಿ ಹೊಲಗಳು ಇಂದಿಗೂ ಮುಗಿಲನ್ನೇ ನೋಡುತ್ತ ಮಲಗಿರುತ್ತವೆ.

ಬೆಂಗಳೂರು ನಮ್ಮ ಜನರ ಕನಸಿನೊಳಗೆ ಬಂದದ್ದು ತೀರ ಈಚೆಗೆ. 1953ರ ಅಕ್ಟೋಬರ್ 1ರವರೆಗೆ ನಮ್ಮ ರಾಜಧಾನಿ ಮದರಾಸು. ಕಾಲೇಜು ಓದಬೇಕೆನ್ನುವವರು 1916ರಲ್ಲಿ ಆರಂಭವಾದ ಅನಂತಪುರದ ಕಾಲೇಜಿಗೆ, ಆಮೇಲೆ ಬಳ್ಳಾರಿಗೆ ಹೋಗುತ್ತಿದ್ದರು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕಚೇರಿಯ ಕಾಗದಗಳೂ ಅವುಗಳ ಹಿಂದೆ ಮನುಷ್ಯರೂ ಬೆಂಗಳೂರಿನ ದಾರಿ ಹಿಡಿದರು. ಆಮೇಲೆ ಜಿಲ್ಲೆಗಳೂ ಬದಲಾದವು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಮರಳಿ, 2021ರಲ್ಲಿ ಉಳಿದ ನಾಲ್ಕು ತಾಲ್ಲೂಕುಗಳೊಡನೆ ವಿಜಯನಗರ ಜಿಲ್ಲೆಯಲ್ಲಿ ನೆಲೆಸಿತು. ಜಿಲ್ಲೆ ಯಾವುದೇ ಆಗಲಿ, ರಾತ್ರಿಯ ಬಸ್ಸು ಮಾತ್ರ ಬೆಂಗಳೂರಿಗೇ!

ಆ ಬೆಂಗಳೂರಿನಲ್ಲಿ ಸಾಧಾರಣ ಸಂಸಾರಕ್ಕೆ ಮನೆಯ ಪ್ರಶ್ನೆ ಎಂದೂ ಸುಲಭವಾಗಿರಲಿಲ್ಲ. 1898ರ ಪ್ಲೇಗು ಪೇಟೆಯ ಇಕ್ಕಟ್ಟಾದ ಬೀದಿಗಳಿಂದ ಜನರನ್ನು ಹೊರಗಟ್ಟಿದಾಗ ಮಲ್ಲೇಶ್ವರ, ಬಸವನಗುಡಿಗಳು ಬೆಳೆದವು. 1945ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಲಿ ಸ್ಥಾಪನೆಯಾಯಿತು. 1948ರಲ್ಲಿ ಜಯನಗರಕ್ಕೆ ಅಸ್ತಿಭಾರ ಬಿದ್ದಿತು. 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂದಿತು. ಇವೆಲ್ಲ ನಿವೇಶನ ಹಂಚುವ ಏರ್ಪಾಡುಗಳು. ಅರ್ಜಿ ಹಾಕಿ ವರುಷಗಟ್ಟಲೆ ಕಾದು, ನಿವೇಶನ ಬಂದ ಮೇಲೆ ಕಟ್ಟುವ ಹಣವನ್ನೂ ಹೊಂದಿಸಬಲ್ಲವನಿಗೆ ಅವು ಉಪಕಾರಮಾಡಿದವು. ನಿನ್ನೆ ಬಂದು ನಾಳೆ ಕೆಲಸಕ್ಕೆ ಹೋಗಬೇಕಾದವನಿಗೆ ಉಳಿದದ್ದು ವಠಾರ. ನಡುವೆ ಒಂದು ನಲ್ಲಿ, ಸುತ್ತ ಏಳೆಂಟು ಸಂಸಾರ.

1986ರಲ್ಲಿ ನಾನು ಅಧ್ಯಾಪಕನಾಗಿ ಬೆಂಗಳೂರಿಗೆ ವರ್ಗವಾದೆ. ಹೆಂಡತಿ, ಎಳೆಯ ಮಗಳು, ಎರಡು ಟ್ರಂಕು, ಒಂದು ಸೀಮೆಎಣ್ಣೆಯ ಸ್ಟೌ. ಒಂದು ಕೋಣೆ ಮತ್ತು ಅಡಿಗೆಮನೆಯಿದ್ದ ಮನೆಗೆ 400 ರೂಪಾಯಿ ಬಾಡಿಗೆ, ಹತ್ತು ತಿಂಗಳ ಮುಂಗಡ. “ಯಾವ ಕಡೆಯವರು?” ಎಂದು ಕೇಳುತ್ತಿದ್ದರು. ಬಳ್ಳಾರಿಯ ಕಡೆ ಎಂದರೆ “ಅಲ್ಲ, ಯಾವ ಜನ ಅಂತ ಕೇಳಿದ್ದು” ಎನ್ನುತ್ತಿದ್ದರು. ಹೀಗೆ ಎರಡು ತಿಂಗಳು ಅಲೆದ ಮೇಲೆ ಒಬ್ಬ ಮನೆಯೊಡೆಯರು, ಬಾಡಿಗೆಯೇ ಬೇಡ, 25,000 ರೂಪಾಯಿ ಕೊಟ್ಟು ಮೂರು ವರ್ಷ ಭೋಗ್ಯಕ್ಕೆ ಇರಿ, ಬಿಡುವ ದಿನ ಅಷ್ಟನ್ನೂ ತೆಗೆದುಕೊಂಡು ಹೋಗಿ ಎಂದರು. ಬಾಡಿಗೆಯಿಲ್ಲದ ಮನೆ! ನನಗೆ ಸ್ವರ್ಗವೇ ಕೈಗೆ ಸಿಕ್ಕಿದಂತಾಯಿತು.

ಹಣ ಎಲ್ಲಿಂದ ತರುವುದು? ಊರಿಗೆ ಹೋದೆ. ನಮ್ಮ ತಂದೆಯವರು ಹೆಚ್ಚು ಮಾತಿನವರಲ್ಲ. ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ಕೇಳಿ, “ಆರೆಕರೆ ಮಸಾರಿ ಹೊಲ ಭೋಗ್ಯಕ್ಕ ಹಾಕ್ತೀನಿ ಬಿಡು. ಹೊಲ ಎಲ್ಲಿಗೂ ಓಡಿ ಹೋಗಂಗಿಲ್ಲ ತಮ್ಮಾ. ರೊಕ್ಕ ತಿರುಗಿ ಬಂದ್ರ ಹೊಲಾನೂ ಬರ್ತೈತಿ” ಎಂದರು. ನೆರೆಯ ರೈತರೊಬ್ಬರು 18,000 ರೂಪಾಯಿ ಕೊಟ್ಟರು. ಉಳಿದ 7,000ಕ್ಕೆ ನನ್ನ ಹೆಂಡತಿಯ ಬಳೆಗಳು ಹೋದವು.

ನಾನು ಕನ್ನಡದ ಮೇಷ್ಟ್ರು, ಲೆಕ್ಕದಲ್ಲಿ ಹಿಂದು. ಆದರೂ ಒಂದು ರಾತ್ರಿ ಕಾಗದದ ಮೇಲೆ ಗೀಚಿ ನೋಡಿದೆ. ಊರಿನಲ್ಲಿ ಆಗ ಬಡ್ಡಿ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ. ಆ ಲೆಕ್ಕದಲ್ಲಿ 25,000ಕ್ಕೆ ತಿಂಗಳಿಗೆ 500 ರೂಪಾಯಿ. ಬಾಡಿಗೆಗೆ ಹಿಡಿದಿದ್ದರೆ 400ಕ್ಕೆ ಮುಗಿಯುತ್ತಿತ್ತು. ಬಾಡಿಗೆಯಿಲ್ಲದ ಮನೆ ಬಾಡಿಗೆಯ ಮನೆಗಿಂತ ದುಬಾರಿಯಾಗಿತ್ತು. ಅದು ಕಣ್ಣಿಗೆ ಕಾಣದಿದ್ದುದಕ್ಕೆ ಕಾರಣವಿಷ್ಟೆ: ಬಾಡಿಗೆಯನ್ನು ನಾನು ಬೆಂಗಳೂರಿನಲ್ಲಿ ಕೊಡುತ್ತಿರಲಿಲ್ಲ. ಕೂಡ್ಲಿಗಿ ಸೀಮೆಯ ಆರು ಎಕರೆ ಹೊಲ ಅದನ್ನು ಕೊಡುತ್ತಿತ್ತು. ಆ ಹೊಲದ ಶೇಂಗಾ, ನವಣೆ, ಜೋಳ ಇನ್ನೊಬ್ಬರ ಅಂಗಳಕ್ಕೆ ಹೋಗುತ್ತಿದ್ದವು. ನಮ್ಮ ತಾಯಿ ಅಂಗಡಿಯಿಂದ ಜೋಳ ತರಿಸುತ್ತಿದ್ದಳು. ಇದನ್ನು ಯಾರೂ ನನಗೆ ಬರೆದು ತಿಳಿಸಲಿಲ್ಲ.

1989ರಲ್ಲಿ ಕರಾರು ಮುಗಿಯಿತು. ನನಗೂ ಬೇರೆ ಊರಿಗೆ ವರ್ಗವಾಯಿತು. ಮನೆಯೊಡೆಯರ ಬಳಿ ಹಣವಿರಲಿಲ್ಲ. ನನ್ನ ಹಣ ಮನೆಯ ಮೇಲಂತಸ್ತಾಗಿ ನಿಂತಿತ್ತು. “ಮೇಷ್ಟ್ರೇ, ನಿಮ್ಮ ದುಡ್ಡು ಎಲ್ಲೂ ಹೋಗಲ್ಲ. ಇನ್ನೊಬ್ಬರನ್ನ ಕರ್ಕೊಂಡು ಬನ್ನಿ, ಅವರು ಕೊಟ್ಟದ್ದನ್ನ ನೀವು ತಗೊಂಡು ಹೋಗಿ” ಎಂದರು. ಕೆಟ್ಟವರೇನಲ್ಲ, ಕಾಫಿ ಕೊಟ್ಟೇ ಕಳುಹಿಸುತ್ತಿದ್ದರು. ಎರಡು ಸಾವಿರ, ಮೂರು ಸಾವಿರ, ಹಬ್ಬಕ್ಕೊಮ್ಮೆ ಒಂದು ಸಾವಿರ, ಹೀಗೆ ಕೊಡತೊಡಗಿದರು. ಊರಿನಲ್ಲಿ ಹೊಲ ಹಿಡಿದವರೋ, ಇಡಿಯ ಮೊತ್ತ, ಅದೂ ಯುಗಾದಿಗೆ ಎಂದರು. ಅವರನ್ನೂ ದೂಷಿಸಲಾರೆ, ಮೊದಲಿನಿಂದ ನಡೆದುಬಂದ ಕಟ್ಟಳೆ ಅದು. ಬೆಂಗಳೂರಿನಿಂದ ಚೂರುಚೂರಾಗಿ ಬಂದ ಹಣ ಯುಗಾದಿಯ ಹೊತ್ತಿಗೆ ಒಟ್ಟಾಗಿ ನಿಲ್ಲುತ್ತಿರಲಿಲ್ಲ. 1990ರ ಯುಗಾದಿ ಕಳೆಯಿತು, 1991ರದೂ ಕಳೆಯಿತು. ಆ ವರ್ಷ ಬಿತ್ತನೆಯ ಕಾಲದಲ್ಲಿ ತಂದೆಯವರು ತೀರಿಕೊಂಡರು. ಕೊನೆಯ ದಿನಗಳಲ್ಲಿ ಸಂಜೆಯ ಹೊತ್ತು ಆ ಹೊಲದ ಬದುವಿನ ತನಕ ಹೋಗಿ ನಿಂತು ಬರುತ್ತಿದ್ದರಂತೆ. ಒಳಗೆ ಕಾಲಿಡುತ್ತಿರಲಿಲ್ಲವಂತೆ. 1992ರ ಯುಗಾದಿಗೆ ಹೊಲ ಬಿಡಿಸಿಕೊಂಡೆವು.

ಅಂದಿನಿಂದ ಈ ಭೋಗ್ಯವೆಂಬ ಪದದ ಬೆನ್ನು ಹತ್ತಿದ್ದೇನೆ. ನನಗೆ ಕಂಡದ್ದನ್ನು ಹೇಳುತ್ತೇನೆ. ಹಳ್ಳಿಯಲ್ಲಿ ಹಣ ಕೊಟ್ಟವನು ಬಲಿಷ್ಠ, ಸ್ವತ್ತು ಕೊಟ್ಟವನು ಬಡವ. ನಗರದಲ್ಲಿ ಸ್ವತ್ತು ಕೊಟ್ಟವನು ಬಲಿಷ್ಠ, ಹಣ ಕೊಟ್ಟವನು ಬಡವ. ಶಾಸ್ತ್ರದ ಲೆಕ್ಕದಲ್ಲಿ ನಾನು ಸಾಹುಕಾರ. ಮನೆಯೊಡೆಯರು ನನ್ನ ಸಾಲಗಾರರು! ಯಾಜ್ಞವಲ್ಕ್ಯನಿಂದ ಸರ್ವೋಚ್ಚ ನ್ಯಾಯಾಲಯದವರೆಗೆ ಎಲ್ಲರೂ ಕಾಪಾಡಿದ್ದು ಆ ಸಾಲಗಾರನನ್ನು. ಬಡ ಸಾಹುಕಾರನೊಬ್ಬ ಹುಟ್ಟಿಯಾನೆಂದು ಯಾರೂ ಎಣಿಸಿರಲಿಲ್ಲ.

ನಗರದಲ್ಲಿ ಈ ಪದ್ಧತಿ ಬೇರು ಬಿಟ್ಟುದಕ್ಕೆ ಕಾರಣಗಳುಂಟು. 1961ರ ಬಾಡಿಗೆ ನಿಯಂತ್ರಣ ಕಾಯಿದೆ ಬಾಡಿಗೆದಾರನನ್ನು ಎಬ್ಬಿಸುವುದನ್ನು ಕಷ್ಟವಾಗಿಸಿತು. ಮನೆಯೊಡೆಯರು ಅಂಜಿ, ದೊಡ್ಡ ಮುಂಗಡವನ್ನೂ ಹನ್ನೊಂದು ತಿಂಗಳ ಕರಾರನ್ನೂ ನೆಚ್ಚಿದರು. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು 1908ರ ಕಾಯಿದೆಯಂತೆ ನೋಂದಾಯಿಸಲೇಬೇಕು; ಹನ್ನೊಂದು ತಿಂಗಳ ಗುಟ್ಟು ಅದು. ಎರಡನೆಯದಾಗಿ, ಮನೆ ಕಟ್ಟಲು ಸಾಧಾರಣರಿಗೆ ಸಾಲ ಕೊಡುವವರೇ ಆಗ ವಿರಳ. ಮನೆಸಾಲಕ್ಕೆಂದೇ ಹುಟ್ಟಿದ ಎಚ್‌ಡಿಎಫ್‌ಸಿ ಆರಂಭವಾದದ್ದು 1977ರಲ್ಲಿ; ರಾಷ್ಟ್ರೀಯ ವಸತಿ ಬ್ಯಾಂಕು ಬಂದದ್ದು 1988ರಲ್ಲಿ. ಆದ್ದರಿಂದ ಕೆಳಗಿನ ಮನೆಯ ಭೋಗ್ಯದಾರನೇ ಮೇಲಿನ ಮನೆಗೆ ಬ್ಯಾಂಕು. ಬೆಂಗಳೂರಿನ ಎಷ್ಟು ಮೇಲಂತಸ್ತುಗಳು ಎಷ್ಟು ಊರುಗಳ ಹೊಲಗಳ ಮೇಲೆ ನಿಂತಿವೆಯೋ! ಮುಂದೆ 1999ರ ಹೊಸ ಬಾಡಿಗೆ ಕಾಯಿದೆ ಬಂದಿತು. ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿಗೆ ಮೀರಿದ ಬಾಡಿಗೆಯ ಮನೆಗಳನ್ನು ಅದು ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟಿತು. ಆ ಗೆರೆಯ ಒಳಗೆ ಸಂಸಾರ ಹೂಡಬಲ್ಲ ಮನೆ ಎಲ್ಲಿ ಉಳಿದೀತು?

ಬೆಂಗಳೂರಿನವರು ಇದನ್ನು ‘ಲೀಸು’ ಎನ್ನುತ್ತಾರೆ. ಪದದ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಲೀಸೆಂದರೆ ಗುತ್ತಿಗೆ, ಇದು ಗುತ್ತಿಗೆಯಲ್ಲ, ಹೊರಗಿನ ಹೆಸರು ಏನೇ ಇರಲಿ, ಒಳಗಿನ ವ್ಯವಹಾರ ಅಡಮಾನದ್ದು. 1882ರ ಕಾಯಿದೆಯಂತೆ 100 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಸಾಲದ ಇಂತಹ ಅಡಮಾನಪತ್ರ ನೋಂದಣಿಯಾಗಬೇಕು. ಲಕ್ಷಗಟ್ಟಲೆಯ ಭೋಗ್ಯವೋ ಛಾಪಾಕಾಗದದ ಮೇಲೆ ಎರಡು ಸಹಿಗಳಲ್ಲಿ ಮುಗಿದುಹೋಗುತ್ತದೆ. ನೋಂದಣಿಯಾಗಿದ್ದರೆ ಅದು ಋಣಭಾರ ಪತ್ರದಲ್ಲಿ ಕಾಣುತ್ತಿತ್ತು. ಮನೆಯ ಮೇಲೆ ಯಾರ ಋಣ ಮೊದಲು, ಯಾರದು ಆಮೇಲೆ ಎಂಬುದು ಲೋಕಕ್ಕೆ ತಿಳಿಯುತ್ತಿತ್ತು. ಈಗ ಆ ಪತ್ರದಲ್ಲಿ ಕಾಣುವುದು ಬ್ಯಾಂಕಿನ ಋಣವೊಂದೇ. 2002ರ ಶಾಸನದ ಮೇರೆಗೆ, ಸಾಲ ತೀರಿಸದವನ ಸ್ವತ್ತನ್ನು ಬ್ಯಾಂಕು ದಾವೆ ಹೂಡದೆಯೇ ವಶಪಡಿಸಿಕೊಳ್ಳಬಹುದು. ಮನೆಯ ಬಾಗಿಲಿಗೆ ನೋಟೀಸು ಅಂಟಿದ ದಿನವೇ ತಾವಿದ್ದ ಮನೆಗೆ ಇನ್ನೊಬ್ಬ ಭೋಗ್ಯದಾರನಿದ್ದನೆಂಬುದು ಎಷ್ಟೋ ಸಂಸಾರಗಳಿಗೆ ಗೊತ್ತಾಗಿದೆ. ಈಚೆಗೆ ಮಧ್ಯವರ್ತಿಗಳ ಇನ್ನೊಂದು ಬಗೆ ಹುಟ್ಟಿದೆ. ಒಡೆಯನಿಂದ ತಿಂಗಳ ಬಾಡಿಗೆಗೆ ಫ್ಲಾಟು ಹಿಡಿದು, ಅದನ್ನೇ ಇನ್ನೊಬ್ಬರಿಗೆ ಭೋಗ್ಯಕ್ಕೆ ಕೊಟ್ಟು, ಕೆಲವು ತಿಂಗಳು ಬಾಡಿಗೆ ಕಟ್ಟಿ ಆಮೇಲೆ ಕಣ್ಮರೆಯಾಗುವುದು. ಇದನ್ನು ಭೋಗ್ಯವೆಂದು ಕರೆಯಲು ನನ್ನ ನಾಲಗೆ ಹಿಂಜರಿಯುತ್ತದೆ.

ಇದು ನಮಗೊಬ್ಬರಿಗೇ ಬಂದ ಪಾಡೆಂದು ತಿಳಿಯಬೇಕಾಗಿಲ್ಲ. ದಕ್ಷಿಣ ಕೊರಿಯಾದಲ್ಲಿ ‘ಜೊನ್ಸೆ’ ಎಂಬ ಪದ್ಧತಿಯುಂಟು. ಮನೆಯ ಬೆಲೆಯ ಅರ್ಧಕ್ಕೂ ಮೀರಿದ ಮೊತ್ತವನ್ನು ಒಡೆಯನಲ್ಲಿಟ್ಟು ಬಾಡಿಗೆಯಿಲ್ಲದೆ ಇರುವುದು, ನಮ್ಮ ಭೋಗ್ಯವೇ. ಅವರು 1981ರಲ್ಲಿಯೇ ಬಾಡಿಗೆದಾರರ ರಕ್ಷಣೆಗೆ ಶಾಸನ ಮಾಡಿಕೊಂಡರು. ಹೊಸ ಮನೆಗೆ ಬಂದವನು ಸ್ಥಳೀಯ ಕಚೇರಿಯಲ್ಲಿ ತನ್ನ ವಾಸವನ್ನು ತಿಳಿಸಿ, ಕರಾರಿನ ಮೇಲೆ ದಿನಾಂಕದ ಮುದ್ರೆ ಹಾಕಿಸಿಕೊಂಡರೆ, ಅವನ ಹಣಕ್ಕೆ ಆಮೇಲೆ ಬಂದ ಸಾಲಗಳಿಗಿಂತ ಮೊದಲ ಸ್ಥಾನ ದೊರೆಯುತ್ತದೆ. ಅಷ್ಟಾದರೂ, ಮನೆಗಳ ಬೆಲೆ ಇಳಿದು ಬಡ್ಡಿ ಏರಿದ 2022ರ ಸುಮಾರಿಗೆ ಅಲ್ಲಿಯೂ ಸಾವಿರಾರು ಸಂಸಾರಗಳ ಹಣ ಸಿಕ್ಕಿಬಿದ್ದಿತು. 2023ರ ಮೇ ತಿಂಗಳಲ್ಲಿ ಅವರ ಸಂಸತ್ತು ವಿಶೇಷ ಶಾಸನವನ್ನೇ ಮಾಡಬೇಕಾಯಿತು. ಮುದ್ರೆಯಿದ್ದ ನಾಡಿನ ಗತಿಯೇ ಹೀಗಾದರೆ ಮುದ್ರೆಯಿಲ್ಲದವರ ಮಾತೇನು? ನಮ್ಮಲ್ಲಿ 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಕಾಯಿದೆ, ವಾಸದ ಮನೆಗೆ ಮುಂಗಡ ಎರಡು ತಿಂಗಳ ಬಾಡಿಗೆಯನ್ನು ಮೀರಬಾರದೆನ್ನುತ್ತದೆ. ಮಾದರಿಯೆಂದರೆ ಮಾದರಿ; ರಾಜ್ಯಗಳು ತಾವು ಶಾಸನ ಮಾಡಿಕೊಂಡರೆ ಮಾತ್ರ ಅದಕ್ಕೆ ಜೀವ.

ಇನ್ನು ಭೋಗ್ಯದ ಲೆಕ್ಕಕ್ಕೂ ಸಿಕ್ಕದವರಿದ್ದಾರೆ. ಹರಪನಹಳ್ಳಿ, ಹಡಗಲಿಗಳ ತಾಂಡಾಗಳಿಂದಲೂ ಕೂಡ್ಲಿಗಿಯ ಹಳ್ಳಿಗಳಿಂದಲೂ ಗುಳೆ ಹೋಗಿ ಬೆಂಗಳೂರಿನ ಬಹುಮಹಡಿಗಳನ್ನು ಕಟ್ಟುವವರು ತಗಡಿನ ಷೆಡ್ಡಿನಲ್ಲಿ ಮಲಗುತ್ತಾರೆ. ಅವರಿಗೆ ತಾತ್ಕಾಲಿಕ ವಸತಿಯನ್ನು ಕೆಲಸ ಕೊಟ್ಟವನೇ ಉಚಿತವಾಗಿ ಒದಗಿಸಬೇಕೆಂದು 1996ರ ಕಾಯಿದೆ ಹೇಳಿತ್ತು. ಗೋಡೆ ಮೇಲೆದ್ದ ಹಾಗೆ ಷೆಡ್ಡು ಮುಂದಕ್ಕೆ ಹೋಗುತ್ತದೆ. ಅವರ ವಿಷಯವನ್ನು ಬಲ್ಲವರು ಇನ್ನೊಮ್ಮೆ ವಿಸ್ತಾರವಾಗಿ ಹೇಳಬೇಕು.

ಎರಡು ವರ್ಷಗಳ ಹಿಂದೆ ನನ್ನ ತಮ್ಮನ ಮಗ ಬೆಂಗಳೂರಿನಿಂದ ಬಂದ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಅವನಿಗೆ ಕೆಲಸ. ಹೆಂಡತಿ, ಇಬ್ಬರು ಮಕ್ಕಳು. “ದೊಡ್ಡಪ್ಪಾ, ಎರಡು ಕೋಣೆಯ ಫ್ಲಾಟು ಭೋಗ್ಯಕ್ಕಿದೆ, 12 ಲಕ್ಷ ಕೇಳುತ್ತಾರೆ. ಬಾಡಿಗೆಯ ಗೊಡವೆಯೇ ಇರುವುದಿಲ್ಲ” ಎಂದ. ಆಮೇಲೆ ತಲೆ ತಗ್ಗಿಸಿ, ಮಸಾರಿ ಹೊಲವನ್ನು ಭೋಗ್ಯಕ್ಕೆ ಹಾಕಿದರೆ ಅರ್ಧ ಹಣ ಹೊಂದುತ್ತದೆಂದ. ಅದೇ ಆರು ಎಕರೆ. ನಾನು ಬೇಡವೆನ್ನಲಿಲ್ಲ, ಬೇಡವೆನ್ನಲು ನನಗೆ ಯಾವ ಮುಖವಿತ್ತು? ಋಣಭಾರ ಪತ್ರವನ್ನು ತೆಗೆಸೋಣ, ಕರಾರನ್ನು ನೋಂದಣಿ ಮಾಡಿಸೋಣ ಎಂದಷ್ಟೇ ಹೇಳಿ ಅವನೊಡನೆ ಬಸ್ಸು ಹತ್ತಿದೆ. ನೋಂದಣಿಯ ಮಾತೆತ್ತಿದ ಕೂಡಲೇ ಒಡೆಯರು, ಹಾಗಿದ್ದರೆ ಬೇರೆಯವರು ಕಾಯುತ್ತಿದ್ದಾರೆ ಎಂದರು. ಪತ್ರ ತೆಗೆಸಿ ನೋಡಿದರೆ ಆ ಫ್ಲಾಟಿನ ಮೇಲೆ ಬ್ಯಾಂಕಿನ ಸಾಲವಿತ್ತು.

ಹುಡುಗ ಈಗ ತುಮಕೂರು ರಸ್ತೆಯ ಅಂಚೇಪಾಳ್ಯದ ಆಚೆ ಎರಡು ಸಣ್ಣ ಕೋಣೆಗಳ ಮನೆಯನ್ನು ತಿಂಗಳ ಬಾಡಿಗೆಗೆ ಹಿಡಿದಿದ್ದಾನೆ. ಬಾಡಿಗೆ ಅವನ ಸಂಬಳದ ಮೂರರಲ್ಲೊಂದು ಪಾಲನ್ನು ತಿನ್ನುತ್ತದೆ. 2024ರ ನವೆಂಬರಿನಲ್ಲಿ ಮೆಟ್ರೊ ರೈಲು ಮಾದಾವರದವರೆಗೆ ಬಂದ ಮೇಲೆ ಆ ಕಡೆಯೂ ಮನೆಗಳಿಗೆ ಕೇಳುವವರು ಹೆಚ್ಚಾಗಿದ್ದಾರಂತೆ. ಹೊಲದಲ್ಲಿ ನನ್ನ ತಮ್ಮ ಶೇಂಗಾ ಬಿತ್ತಿದ್ದಾನೆ. ಹೋದ ವಾರ ಹುಡುಗ ಫೋನು ಮಾಡಿದ್ದ. ಮನೆಯೊಡೆಯರು ಮೇಲೆ ಇನ್ನೊಂದು ಅಂತಸ್ತು ಕಟ್ಟಿಸಬೇಕೆಂದಿದ್ದಾರೆ. ಬಾಡಿಗೆ ಬಿಟ್ಟು ಭೋಗ್ಯಕ್ಕೆ ಬರುವಿರಾ ಎಂದು ಕೇಳಿದರಂತೆ. ಋಣಭಾರ ಪತ್ರ ತೆಗೆಸಿಡು, ಬರುತ್ತೇನೆ ಎಂದಿದ್ದೇನೆ.